ತೂತು ಬಿದ್ದ ಗೂಡು

ಮಕ್ಕಳ ಕಾರ್ಟೂನಿಗೂ ನಾಟಕಕ್ಕೂ ಕಥೆ ಬರೆಯುವುದು ಈಗ ನನ್ನ ಕೆಲಸ. ಅದಕ್ಕೆ ಮೊದಲು ಕನಕಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದೆ. ಮೊದಲ ಕಾರ್ಟೂನ್ ಕಥೆ ಬೆಂಗಳೂರಿನ ಕಾರ್ಟೂನ್ ಕಂಪನಿಯವರಿಗೆ ಹಿಡಿಸಿತು ಅಂದ ದಿನವೇ ಕೆಲಸ ಬಿಟ್ಟೆ. ಬಿಡುವಾಗ ಮಾಲೀಕರ ಎದುರೇ ಅವರ ಕೆಮ್ಮು, ಅವರ ಬೈಗುಳ ಎಲ್ಲ ಮಿಮಿಕ್ರಿ ಮಾಡಿ ತೋರಿಸಿ ಬಂದೆ. ವಾಪಸ್ಸು ಹೋಗುವ ಹಾಗಿರಲಿಲ್ಲ.

ಆಮೇಲೆ ಕಾರ್ಟೂನ್ ಮಾಡಿಸುವ ಮೇಡಂ ಫೋನ್ ಮಾಡಿದರು. “ಕಥೇನ ಒಂದ್ಸಲ ಮಕ್ಕಳ ಮುಂದೆ ಓದಿ. ಅವರು ಒಪ್ಪಿದ್ರೆ ಮಾಡೋಣ, ಇಲ್ಲಾಂದ್ರೆ ಬೇಡ.”

ಚನ್ನಪಟ್ಟಣದ ಹತ್ತಿರದ ಒಂದು ಶಾಲೆ. ಮೇಡಂ ನೋಟ್‌ಬುಕ್ ಹಿಡಿದು ಹಿಂದೆ ಕೂತರು. ನನ್ನ ಕಥಾನಾಯಕ ಸೋಮಾರಿ ರೇಷ್ಮೆಹುಳು. ಅವನಿಗೆ ಡೊಳ್ಳುಹೊಟ್ಟೆಯ ಗಂಡಸಿನ ದನಿ ಕೊಟ್ಟಿದ್ದೆ. ಹುಳು ಹಿಪ್ಪುನೇರಳೆ ಸೊಪ್ಪು ತಿಂದು ತೇಗಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊನೆಗೆ ನಾನು ಬೆಂಚು ಹತ್ತಿ, ಕೈ ಚಾಚಿ, ಗೂಡು ಸೀಳಿಕೊಂಡು ಚಿಟ್ಟೆಯಾಗಿ ಆಕಾಶಕ್ಕೆ ಹಾರಿದೆ.

ಯಾರೂ ನಗಲಿಲ್ಲ. ಚಪ್ಪಾಳೆಯೂ ಇಲ್ಲ.

“ಗೂಡು ತೂತಾಗೋಯ್ತು,” ಎಂದ ಮುಂದೆ ಕೂತಿದ್ದ ಹುಡುಗ, ಸಾವಿನ ಸುದ್ದಿ ಹೇಳುವವನಂತೆ. “ಇನ್ನ ನೂಲು ಬರಕಿಲ್ಲ ಸಾ.”

“ಯಾರ ಮನೇದು ಸಾ ಅದು? ಅವರಪ್ಪ ಬೈಯಲ್ವಾ?” ಎಂದ ಪಕ್ಕದವನು. “ರೇಷ್ಮೆ ಚಿಟ್ಟೆ ಹಾರೋದೂ ಇಲ್ಲ. ಒಸಿ ರೆಕ್ಕೆ ಬಡ್ಕಂಡು ಅಲ್ಲೇ ಬಿದ್ದಿರ್ತದೆ.”

ಬೆಂಚಿನ ಮೇಲೆ ನಾನೂ ಹಾಗೇ ನಿಂತಿದ್ದೆ. ಚಿಟ್ಟೆ ಹೊರಬಂದ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ. ಅದಕ್ಕೇ ಮೊದಲೇ ಹುಳು ಸಮೇತ ಗೂಡನ್ನು ಬಿಸಿನೀರಲ್ಲಿ ಬೇಯಿಸುತ್ತಾರೆ. ಹುಳು ಸಾಕುವ ಮನೆಯಲ್ಲಿ, ತಟ್ಟೆಗಳ ಪಕ್ಕದಲ್ಲೇ ಮಲಗಿ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ಕಾರ್ಟೂನ್ ಅಂದಮೇಲೆ ಕೊನೆಗೆ ಹಾರಲೇಬೇಕು ಅಂದುಕೊಂಡು ಮನೆಯನ್ನೇ ಮರೆತಿದ್ದೆ, ಜಾಣ!

“ಹಾಗಾದ್ರೆ ಕೊನೆಗೆ ಬಿಸಿನೀರಾ?” ಮೇಡಂ ಮೆಲ್ಲಗೆ ಕೇಳಿದರು. “ಅದನ್ನ ತೋರಿಸೋಕಾಗಲ್ಲ.” ನೋಟ್‌ಬುಕ್ ಮುಚ್ಚಿದರು.

ನಾನು ಬೆಂಚಿನಿಂದ ಇಳಿದು ಕಥೆಯ ಹಾಳೆಗಳನ್ನು ಮಡಚತೊಡಗಿದೆ.

ಆಗ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. “ಬಿತ್ತನೆ ಗೂಡು ಅನ್ನಿ ಸಾ. ಮಾಗಡಿ ತಾವ ನಮ್ಮಜ್ಜಿ ಅದನ್ನೇ ಬೆಳೆಯೋದು. ಅದನ್ನ ಬೇಯ್ಸಕಿಲ್ಲ. ಚಿಟ್ಟೆ ಆಚೆಗೆ ಬಂದು ಮೊಟ್ಟೆ ಇಕ್ಕಲಿ ಅಂತ ಬುಡ್ತಾರೆ.”

“ತೂತಾದ್ರೂ ಬೈಯಲ್ವಾ?” ಎಂದ ಆ ಪಕ್ಕದವನು.

“ತೂತಾಗ್ಲಿ ಅಂತ್ಲೇ ಕಾಯ್ತಾರೆ ಕಣೋ!”

ನನಗೆ ಜೀವ ಬಂತು. “ನನ್ನ ನಾಯಕನದೂ ಬಿತ್ತನೆ ಗೂಡೇ!” ಎಂದು ಕೂಗಿದೆ, ಅದೇ ಡೊಳ್ಳುಹೊಟ್ಟೆಯ ದನಿಯಲ್ಲಿ.

“ಗಂಡು ಮೊಟ್ಟೆ ಇಕ್ತದಾ ಸಾ?” ಎಂದಳು ಅವಳು.

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ನಿಂತ ನಿಲುವಲ್ಲೇ ಮೊಟ್ಟೆ ಇಡುವ ಚಿಟ್ಟೆಯಾಗಿ ನಮ್ಮ ಅತ್ತೆಯ ದನಿಗೆ ಹಾರಿದೆ: “ಅಯ್ಯೋ ನನ್ ಮಕ್ಳಾ, ಒಬ್ಬೊಬ್ರೇ ಬನ್ರೋ! ಎಷ್ಟ್ ಜನ ಅಂತ ಎಣಿಸ್ಲಿ?” ಗೂಡು ತೂತಾಯ್ತು ಅಂದಿದ್ದ ಹುಡುಗ ನಗುತ್ತಾ ಬೆಂಚಿನಿಂದ ಜಾರಿಬಿದ್ದ. ಮೇಡಂ ಕಣ್ಣೊರೆಸಿಕೊಂಡು, “ನಾಯಕಿ ಅಂತ ತಿದ್ದಿ ಕಳಿಸಿ. ಮಾಡೋಣ,” ಎಂದರು.

ಹೊರಗೆ ನಲ್ಲಿಗೆ ತಲೆಯೊಡ್ಡಿ ನಿಂತೆ. ಮುಖವೆಲ್ಲ ತಣ್ಣಗಾಯಿತು. ಆಮೇಲೆ ಮನೆಗೆ ಫೋನ್ ಮಾಡಿದೆ.

“ಒಪ್ಪಿದ್ರು ಕಣವ್ವ.”

“ಸುಳ್ಳ! ನಿನ್ನ ಯಾರು ನಂಬ್ತಾರ್ಲಾ?”

ಸ್ಪೀಕರ್ ಹಾಕಿ, ಆಚೆ ಬಂದ ಮೇಡಂ ಕೈಗೇ ಫೋನ್ ಕೊಟ್ಟೆ. “ಹೌದಮ್ಮ, ನಿಮ್ಮ ಮಗನ ಕಥೆ ಮಾಡ್ತಿದ್ದೀವಿ,” ಎಂದರು ಅವರು.

“ಹೆಂಗಸ್ರ ದನಿ ಚೆನ್ನಾಗ್ ಮಾಡ್ತೀಯ ಬುಡು,” ಎಂದಳು ಅವ್ವ. “ಈಗ ನಿಜ ಬೊಗಳು.”