ನನಗಿಂತ ಮೊದಲು ತಲುಪಿದ ಮಾತು

ದೇವರನ್ನು ನಂಬುತ್ತೇನೆಂದ ಮಾತ್ರಕ್ಕೆ ಎಲ್ಲವನ್ನೂ ನಂಬುವವಳು ನಾನಲ್ಲ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವುದಿಲ್ಲ, ಹಣೆಗೆ ವಿಭೂತಿ ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಆದರೆ ಇಲ್ಲಿದ್ದವರು ಅದೇ ಹೊತ್ತಿನಲ್ಲಿ ಇನ್ನೆಲ್ಲೋ ಕಾಣಿಸಿಕೊಂಡರು, ಯಾರದೋ ದನಿ ಯಾರಿಗೋ ಕೇಳಿಸಿತು ಎಂದು ಯಾರಾದರೂ ಶುರುಮಾಡಿದರೆ, ಒಲೆಯ ಮೇಲೆ ಹಾಲಿದೆ ಎಂದು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಬೀದಿಯ ಹೆಂಗಸರಿಗೆಲ್ಲ ಇದು ಗೊತ್ತು. ಈಗ ಹಾಗೆ ಎದ್ದು ಹೋಗುವುದಿಲ್ಲ. ನಂಬುತ್ತೇನೆಂದಲ್ಲ. ನನಗೇ ಒಂದು ಆಗಿದೆ, ಆದ್ದರಿಂದ ಕೂತು ಕೇಳುತ್ತೇನೆ.

ನನ್ನ ತಂಗಿ ನಾಗರತ್ನ ಆಗ ಭದ್ರಾವತಿಯ ನ್ಯೂ ಟೌನ್‌ನಲ್ಲಿದ್ದಳು. ಗಂಡ ತೀರಿಕೊಂಡ ಮೇಲೂ ಅಲ್ಲೇ ಒಂದು ಬಾಡಿಗೆ ಮನೆಯಲ್ಲಿ ಬಟ್ಟೆ ಹೊಲಿದುಕೊಂಡು ಬದುಕುತ್ತಿದ್ದಳು. ಗಂಡನಿಂದ ಅವಳಿಗೆ ಎಚ್‌ಐವಿ ಬಂದಿತ್ತು. ಇದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಅಕ್ಕ, ನಾನೇನು ಕದ್ದಿದ್ದೀನಾ" ಎಂದಳು. ಸರ್ಕಾರದವರು ಆ ಸೋಂಕನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು ಪುಕ್ಕಟೆ ಕೊಡಲು ಶುರುಮಾಡಿದ್ದ ಕಾಲ ಅದು. ನಮ್ಮ ಪಾಲಿಗೆ ಅದೇ ಮೊದಲ ಕೃಪೆ. ಮಾತ್ರೆ ಹಿಡಿದ ವರ್ಷದೊಳಗೆ ಅವಳ ಕೆನ್ನೆ ತುಂಬಿತು. ಬಿಗಿಯಾದ ರವಿಕೆಗಳ ಹೊಲಿಗೆ ಬಿಚ್ಚಿ ತಾನೇ ಸಡಿಲ ಮಾಡಿಕೊಂಡಳು. ಸಾಯುತ್ತಾಳೆಂದು ಕೈಬಿಟ್ಟಿದ್ದ ನೆಂಟರು ಮದುವೆಗಳಿಗೆ ಮತ್ತೆ ಕರೆಯತೊಡಗಿದರು.

ಆಮೇಲೆ ಕಾರ್ತಿಕ ಮಾಸದಲ್ಲಿ ತಲೆನೋವು ಶುರುವಾಯಿತು. ಪಿತ್ತವೆಂದುಕೊಂಡು ಶುಂಠಿ ಕಷಾಯ ಕುಡಿದಳು. ಕನ್ನಡಕ ಬೇಕೇನೋ ಎಂದುಕೊಂಡು ಹೊಲಿಗೆ ನಿಲ್ಲಿಸಿದಳು. ವಾಂತಿ, ಸಣ್ಣ ಜ್ವರ, ಬೆಳಕು ಕಂಡರೆ ಕಣ್ಣು ಮುಚ್ಚುವುದು. ಒಂದು ದಿನ ಎದ್ದು ನಿಲ್ಲಲಾರದೆ ಹೋದಾಗ ನಾನು ಶಿವಮೊಗ್ಗಕ್ಕೆ ಕರೆತಂದು ಆಸ್ಪತ್ರೆಗೆ ಸೇರಿಸಿದೆ.

ಡಾಕ್ಟರು ಸಣ್ಣ ವಯಸ್ಸಿನವರು, ಸಮಾಧಾನದ ಮನುಷ್ಯ. "ಮಾತ್ರೆ ಸರಿಯಾಗಿ ತಗೊಳ್ತಿದ್ದೀಯೇನಮ್ಮ?" ಎಂದು ಕೇಳಿದರು.

"ಒಂದೂ ಬಿಟ್ಟಿಲ್ಲ ಸಾರ್. ಊಟ ಆದ್ಮೇಲೆ ಒಂದು. ದೇವರಾಣೆ."

ಅವಳು ಸುಳ್ಳು ಹೇಳುವವಳಲ್ಲ. ಅದು ನನಗೂ ಗೊತ್ತಿತ್ತು, ಅವಳ ಮುಖ ನೋಡಿ ಡಾಕ್ಟರಿಗೂ ಗೊತ್ತಾಯಿತು. ಅವರು ನನ್ನನ್ನು ಹೊರಗೆ ಕರೆದು ಹೇಳಿದರು: ಮಾತ್ರೆ ಕ್ರಮವಾಗಿ ತಗೊಂಡು ಇಷ್ಟು ಚೇತರಿಸಿಕೊಂಡವರಿಗೆ ದೊಡ್ಡ ಸೋಂಕು ಬರುವುದು ಕಡಿಮೆ, ಬರಬಾರದೆಂದೇನಿಲ್ಲ. ಎರಡು ದಿನ ನೋಡೋಣ. ಅನುಮಾನ ಬಂದರೆ ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಬೇಕಾಗುತ್ತದೆ. ಅವಳು ನುಂಗುವ ಮಾತ್ರೆಗಳನ್ನೆಲ್ಲ ನಾಳೆ ತಂದು ತೋರಿಸಿ; ನಾನು ಮಧ್ಯಾಹ್ನ ಬೆಂಗಳೂರಿಗೆ ಹೋಗುವವನು, ಅಷ್ಟರೊಳಗೆ ಬನ್ನಿ.

ಬೆನ್ನಿನ ನೀರು ಎಂಬುದು ಹೇಗೋ ಅವಳ ಕಿವಿಗೆ ಬಿತ್ತು. ನನ್ನ ಸೆರಗು ಹಿಡಿದುಕೊಂಡು, "ಸೂಜಿ ಹಾಕಿಸ್ಬೇಡ ಅಕ್ಕ. ಕಾಲು ಬಿದ್ದು ಹೋಗುತ್ತಂತೆ. ನಾನು ಒಪ್ಪಲ್ಲ" ಎಂದಳು. ಇಲ್ಲ ಬಿಡು ಎಂದು ತಲೆ ಸವರಿದೆ.

ಮರುದಿನ ಬೆಳಿಗ್ಗೆ ಬೇಗನೆ ಬಸ್ಸು ಹಿಡಿದೆ. ನಮ್ಮ ಮನೆಯವರಿಗೆ ಹಾರ್ಡ್‌ವೇರ್ ಅಂಗಡಿ. ಅಂಗಡಿ ತೆಗೆಯುವ ಹೊತ್ತಿನವರೆಗೆ ವಾರ್ಡಿನಲ್ಲಿ ತಾವು ಕೂರುತ್ತೇನೆಂದರು. ನ್ಯೂ ಟೌನ್‌ನ ಮನೆಯ ಬೀಗ ತೆಗೆದು ನೋಡಿದರೆ ಎಲ್ಲ ಒಪ್ಪವಾಗಿತ್ತು. ಮಾತ್ರೆಯ ಡಬ್ಬಿ ದೇವರ ಗೂಡಿನ ಪಕ್ಕದಲ್ಲೇ ಇತ್ತು. ಮುಚ್ಚಳ ತೆಗೆದೆ, ಬೇಕಾದಷ್ಟು ಮಾತ್ರೆ ಇದ್ದವು. ಸದ್ಯ, ಮಾತ್ರೆಗಾಗಿ ಇನ್ನೂ ಕೆಲವು ದಿನ ಓಡಾಡಬೇಕಿಲ್ಲ ಎಂದು ನನಗೆ ಸಮಾಧಾನವೇ ಆಯಿತು. ಸಣ್ಣಪುಟ್ಟ ಕೃಪೆಗಳನ್ನು ಎಣಿಸಿಕೊಳ್ಳುವುದು ನನ್ನ ಅಭ್ಯಾಸ. ಅವತ್ತು ಅದನ್ನೂ ಎಣಿಸಿಕೊಂಡೆ.

ಅಷ್ಟರಲ್ಲಿ ಪಕ್ಕದ ಮನೆಯ ಸೆಲ್ವಿ ಕಾಫಿ ತಂದಳು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ತಮಿಳಿನವಳು, ಕಾರ್ಖಾನೆ ಕೆಲಸಕ್ಕೆ ಬಂದ ಕುಟುಂಬ, ಕನ್ನಡವನ್ನು ತನ್ನದೇ ರೀತಿಯಲ್ಲಿ ಆಡುತ್ತಾಳೆ. ಲೋಟ ಕೈಗೆ ಕೊಟ್ಟು, ಹೋಗದೆ ನಿಂತಳು.

"ಅಕ್ಕಾ, ನಾನು ಹೇಳಿದ್ದು ಅಂತ ಹೇಳ್ಬೇಡಿ. ನಾಗು ಸತ್ಯ ಮಾಡಿಸ್ಕೊಂಡೈತೆ."

"ಏನದು?"

"ಒಂದು ತಿಂಗಳಾಯ್ತು, ರಾತ್ರಿ ಪಾತ್ರೆ ಸದ್ದೇ ಇಲ್ಲ. ಯಾಕೆ ನಾಗು, ಒಲೆ ಹಚ್ಚಲ್ವಾ ಅಂತ ಕೇಳ್ದೆ. ಹರಕೆ ಅಂತು. ದೇವರು ಎದ್ದು ಓಡಾಡೋ ಹಂಗೆ ಮಾಡಿದ್ನಲ್ಲ, ಅದಕ್ಕೆ ಒಂದು ಮಂಡಲ ಒಪ್ಪೊತ್ತು ಅಂತು. ಯಾರತ್ರನೂ ಹೇಳಂಗಿಲ್ಲ, ಹೇಳಿದ್ರೆ ಪಲ ಹೋಗುತ್ತೆ ಅಂತು."

ಮಂಡಲವೆಂದರೆ ನಲವತ್ತೆಂಟು ದಿನ. ಒಪ್ಪೊತ್ತೆಂದರೆ ದಿನಕ್ಕೆ ಒಂದೇ ಊಟ. ನನಗೆ ಮೊದಲು ಕಣ್ಣಲ್ಲಿ ನೀರು ಬಂತು, ಆಮೇಲೆ ಲೆಕ್ಕ ಹೊಳೆಯಿತು. ಮಾತ್ರೆಯನ್ನು ಬರೀ ಹೊಟ್ಟೆಗೆ ನುಂಗಿ ಮೊದಮೊದಲು ಅವಳಿಗೆ ಎದೆಯುರಿ ಬಂದಿತ್ತು. ಬೆಳಿಗ್ಗೆ ಊಟ ಆದ ಮೇಲೆ ಒಂದು, ರಾತ್ರಿ ಊಟ ಆದ ಮೇಲೆ ಒಂದು ಎಂದು ಮಾತ್ರೆ ಕೊಡುವವರು ಹೇಳಿದ್ದರು. ಇವಳು ಅದನ್ನು ಊಟಕ್ಕೊಂದು ಎಂದು ಹಿಡಿದುಕೊಂಡಿದ್ದಳು. ರಾತ್ರಿ ಊಟವಿಲ್ಲ, ತೀರ್ಥವಷ್ಟೇ. ಊಟವಿಲ್ಲದ ಮೇಲೆ ಮಾತ್ರೆಯೂ ಇಲ್ಲ. ಒಂದೂ ಬಿಟ್ಟಿಲ್ಲ ಎಂದು ಆಣೆ ಮಾಡಿದ್ದು ನಿಜವೇ. ಅರ್ಧ ಔಷಧಿಯ ಮೇಲೆ ತಿಂಗಳು ಕಳೆದಿದ್ದೂ ನಿಜವೇ. ಡಬ್ಬಿ ಯಾಕೆ ತುಂಬಿತ್ತು ಎಂದು ಆಗ ತಿಳಿಯಿತು.

ಬೀಗ ಹಾಕಿದೆನೋ ಇಲ್ಲವೋ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಸೆಲ್ವಿಗೆ ಕೀಲಿ ಕೊಟ್ಟು ಓಡಿದೆ. ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು. ಸ್ವಲ್ಪ ದೂರ ಹೋಗುವುದರೊಳಗೆ ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿ ಬಂದು ಅಡ್ಡ ನಿಂತಿತು, ಗಂಟೆಯಾದರೂ ಕದಲಲೇ ಇಲ್ಲ. ಜನ ಇಳಿದು ಬೀಡಿ ಹಚ್ಚಿದರು, ಕಡಲೆಕಾಯಿ ಕೊಂಡರು. ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ಇದ್ದರೂ ಯಾವ ನಂಬರಿಗೆ ಮಾಡಬೇಕೆಂದು ಗೊತ್ತಿರಲಿಲ್ಲ. ಡಾಕ್ಟರು ಹೊರಟುಬಿಟ್ಟರೆ ಬೇರೆಯವರಿಗೆ ಮೊದಲಿನಿಂದ ಹೇಳಬೇಕು, ಅವರು ನಂಬಬೇಕು, ನಾಗರತ್ನ ಸೂಜಿಗೆ ಒಪ್ಪಬೇಕು. ಮುಂದಿನ ಸೀಟಿನ ಕಬ್ಬಿಣದ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕಣ್ಣು ಮುಚ್ಚಿ, ಹೇಳಬೇಕಾದ್ದನ್ನು ಹೇಳಿಕೊಳ್ಳತೊಡಗಿದೆ. ಶಿವನ ಹೆಸರಿನ ಬದಲು ಅದನ್ನೇ ಜಪ ಮಾಡಿದೆ ಅನ್ನಿ.

"ಡಾಕ್ಟ್ರೇ, ಅವಳು ಸುಳ್ಳು ಹೇಳಿಲ್ಲ. ಊಟಕ್ಕೊಂದು ಮಾತ್ರೆ ಅಂತ ತಿಳ್ಕೊಂಡಿದ್ದಾಳೆ, ಒಂದೇ ಹೊತ್ತು ಉಣ್ತಿದ್ದಾಳೆ. ಬೆಂಗಳೂರು ಎಲ್ಲೂ ಓಡಿ ಹೋಗಲ್ಲ, ಮೊದ್ಲು ಇವಳನ್ನ ನೋಡಿ."

ಕೊನೆಯದು ಹೊಟ್ಟೆಯ ಸಂಕಟಕ್ಕೆ ಬಂದದ್ದು. ಡಾಕ್ಟರ ಎದುರು ನಿಂತು ಹಾಗೆ ಆಡುವಷ್ಟು ಧೈರ್ಯ ನನಗಿಲ್ಲ. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೇನೆಂದು ತಿಳಿದಿದ್ದೆ, ಬಾಯಿಗೂ ಬಂದಿರಬೇಕು. ಕಂಡಕ್ಟರು ಹತ್ತಿರ ಬಂದು, "ಯಾರ ಹತ್ರ ಮಾತಾಡ್ತಿದ್ದೀರಮ್ಮ?" ಎಂದ.

"ಡಾಕ್ಟ್ರ ಹತ್ರ."

"ಮೊಬೈಲೇ ಇಲ್ವಲ್ಲಮ್ಮ ಕೈಯಲ್ಲಿ" ಎಂದು ನಕ್ಕು ಮುಂದೆ ಹೋದ.

ಗೇಟು ತೆಗೆದಾಗ ಹಿಡಿಯಿಂದ ಕೈ ಬಿಡಿಸಿಕೊಳ್ಳಲು ನನಗೆ ಕಷ್ಟವಾಯಿತು. ಬೆರಳುಗಳು ಮಡಿಸಿದ ಹಾಗೇ ಗಟ್ಟಿಯಾಗಿದ್ದವು.

ಆಸ್ಪತ್ರೆಗೆ ಬಂದು ವಾರ್ಡಿನೊಳಗೆ ಕಾಲಿಡುತ್ತಿದ್ದಂತೆ ಪಕ್ಕದ ಮಂಚದ ಹತ್ತಿರ ಮಗಳ ಆರೈಕೆಗೆ ಕೂತಿದ್ದ ಮುದುಕಿ ಕೈ ಚಾಚಿತು. "ಬಂದ್ಯಾ? ನನ್ನ ಚೊಂಬೆಲ್ಲಿಟ್ಟೆ ತಾಯಿ?"

"ಯಾವ ಚೊಂಬು ಅಜ್ಜಿ?"

"ಅಯ್ಯೋ, ಆಗ್ಲೇ ಈಸ್ಕೊಂಡ್ಯಲ್ಲ ಮಾರಾಯ್ತಿ, ತಂಗಿಗೆ ನೀರು ಕುಡಿಸ್ತೀನಿ ಅಂತ. ಕೊಟ್ಟೋರನ್ನೇ ಯಾವ ಚೊಂಬು ಅಂತ ಕೇಳ್ತೀಯಲ್ಲ."

ಚೊಂಬು ನಾಗರತ್ನನ ಮಂಚದ ಕೆಳಗಿತ್ತು. ಬೇರೆ ಯಾರೋ ಇಸಿದುಕೊಂಡಿರಬೇಕು ಎಂದುಕೊಂಡು ಎತ್ತಿ ಕೊಟ್ಟೆ. ನಾಗರತ್ನ ದಿಂಬಿಲ್ಲದೆ ಅಂಗಾತ ಮಲಗಿದ್ದಳು, ನಿದ್ದೆಯಲ್ಲಿದ್ದಳು. ಡಾಕ್ಟರು ಭುಜಕ್ಕೆ ಬ್ಯಾಗು ಹಾಕಿಕೊಂಡೇ ಬಂದರು. ಬಾಯಿ ತೆರೆದು ನನ್ನ ಜಪ ಒಪ್ಪಿಸಬೇಕು, ಅಷ್ಟರಲ್ಲಿ ಅವರೇ ಹೇಳಿದರು.

"ನೀವು ಹೇಳಿದ್ದು ಒಳ್ಳೇದಾಯ್ತಮ್ಮ. ತಕ್ಷಣ ನೀರು ತೆಗೆದು ಕಳಿಸಿದ್ವಿ, ರಿಪೋರ್ಟೂ ಬಂತು. ಮಿದುಳಿನ ಪೊರೆಗೆ ಫಂಗಸ್ ಹತ್ತಿದೆ. ಉಪ್ಪಿನಕಾಯಿಗೆ ಬೂಷ್ಟು ಬರುತ್ತಲ್ಲ, ಆ ಜಾತಿದು. ಮಣ್ಣಲ್ಲಿ ಗಾಳಿಯಲ್ಲಿ ಇರುತ್ತೆ, ನಮಗೆ ನಿಮಗೆ ಏನೂ ಮಾಡಲ್ಲ. ಮೈಯಲ್ಲಿ ಶಕ್ತಿ ಕುಸಿಯೋದನ್ನೇ ಕಾಯ್ತಿರುತ್ತೆ. ಎರಡು ದಿನ ಬಿಟ್ಟಿದ್ರೆ ಕಣ್ಣು ಹೋಗ್ತಿತ್ತೋ, ಜೀವಾನೇ ಹೋಗ್ತಿತ್ತೋ."

"ನಾನು ಹೇಳಿದ್ನಾ?"

ಅವರು ನಕ್ಕರು. "ಬೈದ್ರಿ ಅಂತಾನೇ ಹೇಳ್ಬೇಕು. ಬೆಂಗಳೂರು ಎಲ್ಲೂ ಓಡಿ ಹೋಗಲ್ಲ ಅಂದ್ರಲ್ಲ. ಸರಿ, ಸಂಜೆ ಬಸ್ಸಿಗೆ ಹೋಗ್ತೀನಿ ಬಿಡಿ."

ನಾನು ಬಂದು ಹೇಳಿದ್ದು ಯಾವಾಗ ಎಂದು ನರ್ಸನ್ನು ಕೇಳಿದೆ. ಅವಳು ಹೇಳಿದ ಹೊತ್ತಿಗೆ ನಾನು ಗೇಟಿನ ಆಚೆ ಬಸ್ಸಿನಲ್ಲಿ ಕೂತಿದ್ದೆ. "ಯಾಕಮ್ಮ ಹೀಗೆ ಕೇಳ್ತೀರ? ನೀವೇ ಅಲ್ವಾ ಅವರ ಕೈ ಹಿಡ್ಕೊಂಡು ಕೂತಿದ್ದು. ಸೂಜಿ ಬೇಡ ಅಂತ ಹಟ ಮಾಡಿದವರು ನೀವು ಬಂದ ಮೇಲೆ ಅಲ್ಲಾಡಲಿಲ್ಲ" ಎಂದಳು ನರ್ಸು.

ನಮ್ಮ ಮನೆಯವರು ಅಂಗಡಿಗೆ ಹೋಗಿ ಬಹಳ ಹೊತ್ತಾಗಿತ್ತು. ರಾತ್ರಿ ಎಲ್ಲ ಹೇಳಿದೆ. ನಾಗರತ್ನನೇ ಜ್ವರದಲ್ಲಿ ಬಾಯಿಬಿಟ್ಟಿರಬೇಕು, ಬೇರೆ ಯಾರನ್ನೋ ನೋಡಿ ನೀನೆಂದುಕೊಂಡಿರಬೇಕು ಎಂದರು. ಇರಬಹುದು. ಆದರೆ ಬೆಂಗಳೂರಿನ ಮಾತು? ಅದು ಬಸ್ಸಿನಲ್ಲಿ ಹುಟ್ಟಿದ ಮಾತು. "ಡಾಕ್ಟ್ರಿಗೆ ಹಾಗನ್ನೋ ಧೈರ್ಯ ನನಗಿದೆಯಾ, ನೀವೇ ಹೇಳಿ" ಎಂದೆ.

"ಇಲ್ದೆ ಏನು ಮಾರಾಯ್ತಿ? ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಲ್ಲ" ಎಂದು ದೀಪ ಆರಿಸಿದರು. ಆದರೆ ಅವರಿಗೂ ನಿದ್ದೆ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಸೆಲ್ವಿ ಫೋನ್ ಏನಾದ್ರೂ ಮಾಡಿದ್ಲಾ?" ಎಂದು ಕೇಳಿದರು. ಅವಳಿಗೆ ಆಸ್ಪತ್ರೆಯ ಹೆಸರೂ ಗೊತ್ತಿರಲಿಲ್ಲ.

ಯೋಚಿಸುತ್ತ ಕೂರಲು ಪುರಸೊತ್ತೂ ಇರಲಿಲ್ಲ. ಫಂಗಸ್ಸಿಗೆ ಕೊಡುವ ಔಷಧಿಯ ಡ್ರಿಪ್ ಏರಿಸಿದರೆ ನಾಗರತ್ನ ಮಂಚ ಅಲುಗಾಡುವ ಹಾಗೆ ನಡುಗುತ್ತಿದ್ದಳು. ಎರಡೆರಡು ಕಂಬಳಿ ಹೊದಿಸಿ ಮೇಲೆ ನಾನು ಒರಗಿಕೊಳ್ಳುತ್ತಿದ್ದೆ. ಮತ್ತೊಮ್ಮೆ ನೀರು ತೆಗೆದರು, ಮಗದೊಮ್ಮೆ ತೆಗೆದರು. ಕಣ್ಣು ಉಳಿಯಿತು. ಜೀವ ಉಳಿಯಿತು. ಮಾತ್ರೆಗೆ ಊಟ ಗೊತ್ತಿಲ್ಲ, ಗಡಿಯಾರವಷ್ಟೇ ಗೊತ್ತು ಎಂದು ನರ್ಸು ಅವಳಿಗೆ ಬಾಯಿಪಾಠ ಮಾಡಿಸಿದಳು.

ನಮ್ಮ ಮನೆಗೆ ಬಂದ ಮೇಲೆ ಹರಕೆ ಅರ್ಧಕ್ಕೆ ನಿಂತಿತಲ್ಲ ಎಂದು ಅಳುತ್ತ ಕೂತಳು. ನಾನು ಖಡಾಖಂಡಿತವಾಗಿ ಹೇಳಿದೆ: "ಉಳಿದ ದಿನ ನಾನು ಒಪ್ಪೊತ್ತು ಮಾಡ್ತೀನಿ. ದೇವರಿಗೆ ಅಕ್ಕ ತಂಗಿ ಲೆಕ್ಕ ಬೇಕಾಗಿಲ್ಲ. ನೀನು ನನ್ನೆದುರಿಗೆ ಎರಡು ಹೊತ್ತು ಉಣ್ಣು." ಹಾಗೇ ಮಾಡಿದೆವು. ಅವಳಿಗೆ ರಾತ್ರಿ ಬಡಿಸಿ, ಮಾತ್ರೆ ಗಂಟಲಿಗೆ ಇಳಿದದ್ದನ್ನು ನೋಡಿ, ನಾನು ತೀರ್ಥ ಕುಡಿದು ಮಲಗುತ್ತಿದ್ದೆ.

ಆ ದಿನಗಳಲ್ಲೇ ಒಂದು ರಾತ್ರಿ, ಅನ್ನ ಕಲಸುತ್ತಿದ್ದ ಅವಳಿಗೆ ತಡೆಯಲಾರದೆ ಹೇಳಿಬಿಟ್ಟೆ. ಅವತ್ತು ಬೆಳಿಗ್ಗೆ ನಾನು ಬಂದಿರಲಿಲ್ಲ ನಾಗು, ನಾನು ಬಸ್ಸಿನಲ್ಲಿದ್ದೆ.

ಅವಳು ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಹಾಗನ್ಬೇಡ ಅಕ್ಕ. ಎಷ್ಟು ಬಿಗಿಯಾಗಿ ಹಿಡ್ಕೊಂಡಿದ್ದೆ ಅಂದ್ರೆ, ನನಗೆ ಬೆನ್ನಿನ ನೋವಿಗಿಂತ ಕೈ ನೋವೇ ಜಾಸ್ತಿ ಆಗಿತ್ತು. ಬಿಡು ಅಂದ್ರೂ ಬಿಡಲಿಲ್ಲ ನೀನು."

ಇನ್ನೊಂದು ಸೌಟು ಸಾರು ಹಾಕಿದೆ. ಅವಳು ಉಂಡಳು, ಗಡಿಯಾರ ನೋಡಿದಳು, ಮಾತ್ರೆ ನುಂಗಿದಳು. ಇವತ್ತಿಗೂ ಹಾಗೇ ನುಂಗುತ್ತಿದ್ದಾಳೆ. ಪೂಜೆಗೆ ಕೂತಾಗ ಅವಳ ಹೆಸರು ಹೇಳಿ ಕೈ ಮುಗಿಯುತ್ತೇನೆ, ಡಾಕ್ಟರ ಹೆಸರು ಹೇಳುತ್ತೇನೆ, ಸೆಲ್ವಿಯ ಹೆಸರನ್ನೂ ಬಿಡುವುದಿಲ್ಲ. ಆಮೇಲೆ ಇನ್ನೊಬ್ಬರಿಗೆ ಕೈ ಮುಗಿಯಬೇಕು. ಅಲ್ಲಿಗೆ ಬಂದಾಗ ಹೇಳಲು ನನ್ನ ಹತ್ತಿರ ಹೆಸರಿಲ್ಲ.