ಹಾಜಿಯವರ ಆಟದ ಯಂತ್ರ

ಹಾಜಿಯವರ ಬಲಗೈಯ ಹೆಬ್ಬೆರಳು ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಮಾತಾಡುವಾಗಲೂ ಬಸ್ಸಿಗೆ ಕಾಯುವಾಗಲೂ ಅದು ಕಾಣದ ಗುಂಡಿಯೊಂದನ್ನು ಒತ್ತುತ್ತಲೇ ಇರುತ್ತಿತ್ತು. ಮಸ್ಕತ್ತಿನಲ್ಲಿ ಬಹಳ ವರ್ಷ ರೇಡಿಯೊ ರಿಪೇರಿ ಮಾಡಿ ಬಂದು, ಕಾಪು ಪೇಟೆಯಲ್ಲಿ ಟಿ.ವಿ. ಅಂಗಡಿ ಇಟ್ಟಿದ್ದರು. ನಾನಾಗ ಮಣಿಪಾಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಸಂಜೆ ಬಸ್ಸಿಳಿದು ಅವರ ಅಂಗಡಿಯ ಎದುರಿನಿಂದಲೇ ಮನೆಗೆ ಹೋಗಬೇಕು. ಎಂಬತ್ತರ ದಶಕದ ಮಾತು.

ಒಂದು ದಿನ ಕರೆದು, ಟಿ.ವಿ.ಗೆ ಜೋಡಿಸಿದ ಕಪ್ಪು ಪೆಟ್ಟಿಗೆಯೊಂದನ್ನು ತೋರಿಸಿದರು. ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದರೆ ಅದರಲ್ಲಿದ್ದ ಆಟ ಟಿ.ವಿ. ಪರದೆಯಲ್ಲಿ ಮೂಡುತ್ತಿತ್ತು. ಬೊಂಬಾಯಿಯ ಸಣ್ಣ ಕಂಪೆನಿಯೊಂದು ಹೊಸದಾಗಿ ಮಾಡಿದ ಯಂತ್ರ. ಆಟಗಳು ಮೂರೇ.

"ಕಂಪೆನಿಯ ಹೊರಗಿನವರು ಇನ್ನೂ ಆಟ ಮಾಡಿಕೊಡ್ತಾರಂತೆ ಟೀಚರೇ. ಮದ್ರಾಸಿನವರು, ಪುಣೆಯವರು. ಮಾತುಕತೆ ನಡೀತಾ ಉಂಟು."

ಅದನ್ನೇ ನಂಬಿ ಅವರು ಉಡುಪಿ, ಕಾಪು, ಕಾರ್ಕಳದ ಒಂಬತ್ತು ಮನೆಗಳಿಗೆ ಯಂತ್ರ ಮಾರಿದ್ದರು. ಹೊಸ ಆಟಗಳು ಬರುತ್ತವೆ ಎಂದು ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದರು.

ಮಳೆಗಾಲ ಬಂತು, ಆಟ ಬರಲಿಲ್ಲ. ಹಾಜಿಯವರಿಗೆ ಹೆದರಿಕೆ ಹಿಡಿಯಿತು. ಕಂಪೆನಿಯ ಲಕೋಟೆ ಬಂದರೆ ಒಡೆಯದೆ, ಸಂಜೆ ನಾನು ಬರುವವರೆಗೆ ಮೇಜಿನ ಮೇಲಿಟ್ಟುಕೊಂಡು ಕೂರುತ್ತಿದ್ದರು. ಯಂತ್ರ ಕೊಂಡಿದ್ದ ಕಾರ್ಕಳದ ವಕೀಲರೊಬ್ಬರ ಸ್ಕೂಟರ್ ಪೇಟೆಯಲ್ಲಿ ಕಂಡರೆ ಸಾಕು, ಹಿಂಬಾಗಿಲಿನಿಂದ ಹೊರಟುಬಿಡುತ್ತಿದ್ದರು.

ಕೊನೆಗೆ ತಾವೇ ಬೊಂಬಾಯಿಗೆ ಹೋದರು. ತಿರುಗಿ ಬಂದವರು ಮುಂದಿಟ್ಟ ಚಹಾ ಮುಟ್ಟಲಿಲ್ಲ.

"ಆಟ ಮಾಡುವವರು ಕೇಳುವುದು, ಎಷ್ಟು ಮನೆಯಲ್ಲಿ ಯಂತ್ರ ಉಂಟು ಅಂತ. ಕೊಳ್ಳುವವರು ಕೇಳುವುದು, ಯಂತ್ರಕ್ಕೆ ಎಷ್ಟು ಆಟ ಉಂಟು ಅಂತ. ಇವರು ಬರಲಿ ಅಂತ ಅವರು, ಅವರು ಬರಲಿ ಅಂತ ಇವರು. ನಡುವಿನಲ್ಲಿ ನನ್ನ ಗತಿ ಎಂತ?" ಚಹಾದ ಲೋಟ ಪಕ್ಕಕ್ಕೆ ಸರಿಸಿ ಮೆಲ್ಲಗೆ ಕೇಳಿದರು, "ನೀವೊಂದು ಆಟ ಬರೆದುಕೊಡ್ತೀರಾ?"

ನನಗೂ ಭಯವಾಯಿತು. ಆಟ ಬರೆದು ಗೊತ್ತಿರಲಿಲ್ಲ. ಆದರೆ ಆ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. ಎರಡು ತಿಂಗಳು ಸಂಜೆಯೆಲ್ಲ ಅವರ ಅಂಗಡಿಯಲ್ಲಿ ಕೂತು ಬರೆದೆ. ಮೀನಿನ ಬೋಟೊಂದು ಅಲೆಗಳನ್ನು ತಪ್ಪಿಸಿಕೊಂಡು, ಹೊಳೆ ಕಡಲು ಸೇರುವ ಅಳಿವೆ ದಾಟಿ ದಡ ಸೇರಬೇಕು, ಅಷ್ಟೇ ಆಟ. ಎಷ್ಟೋ ಸಲ ಬೋಟು ನಡುನೀರಿನಲ್ಲೇ ನಿಂತು ಪರದೆ ಕಪ್ಪಾಗುತ್ತಿತ್ತು. ಹಿಂದೆ ನಿಂತ ಹಾಜಿಯವರ ತುಟಿಗಳು ಪ್ರಾರ್ಥನೆಯಲ್ಲಿ ಅಲುಗುತ್ತಿದ್ದವು. ಬೋಟು ದಡ ಮುಟ್ಟಿದ ದಿನ ಕೇಳಿದರು, "ಇದನ್ನು ನೋಡಿ ಉಳಿದವರೂ ಬರಬಹುದು, ಅಲ್ವಾ?"

ನಾನು ಆಟವನ್ನು ಕ್ಯಾಸೆಟ್ಟಿಗೆ ತುಂಬಿ ಅವರ ಕೈಗಿಟ್ಟೆ.

ಯಾರೂ ಬರಲಿಲ್ಲ. ನಮ್ಮ ಕ್ಯಾಸೆಟ್ ಕಳಿಸಿ ಕೆಲವೇ ದಿನಕ್ಕೆ ಕಂಪೆನಿಯ ಪತ್ರ ಬಂತು: ಹೊರಗಿನವರೆಲ್ಲ ಹಿಂದೆ ಸರಿದಿದ್ದಾರೆ, ಯಂತ್ರ ಮಾಡುವುದನ್ನು ನಿಲ್ಲಿಸುತ್ತಿದ್ದೇವೆ. ಓದಿ ಹೇಳಿದೆ. "ಇನ್ನೊಮ್ಮೆ ಓದಿ" ಎಂದರು.

ಇನ್ನು ಇವರು ಬಾಗಿಲು ಹಾಕಿ ಒಳಗೆ ಕೂರುತ್ತಾರೆಂದುಕೊಂಡೆ. ಆದರೆ ಮುಂದಿನ ಭಾನುವಾರ ನಮ್ಮ ಆಟದ ಒಂಬತ್ತು ಕ್ಯಾಸೆಟ್‌ಗಳನ್ನು ಚೀಲಕ್ಕೆ ತುಂಬಿಕೊಂಡು ನಮ್ಮ ಮನೆಗೆ ಬಂದರು. "ಎದುರು ನಿಂತು ಮಾತು ಕೊಟ್ಟವ ನಾನು. ತಪ್ಪಿತು ಅಂತಲೂ ಎದುರೇ ಹೇಳಬೇಕು. ನೀವೂ ಬರ್ತೀರಾ? ಒಬ್ಬನಿಗೆ ಹೆದರಿಕೆ ಆಗ್ತದೆ."

ಕಾರ್ಕಳದ ವಕೀಲರ ಮನೆ ಕೊನೆಯದು. ಹಾಜಿಯವರು ತಾವೇ ಗೇಟು ತೆರೆದು ನನಗಿಂತ ಮುಂದೆ ಹೋದರು. ವಕೀಲರು ಬೀದಿಗೆಲ್ಲ ಕೇಳುವಂತೆ ಬೈದರು, ಮೋಸಗಾರ ಎಂದರು. ಎಲ್ಲ ಮುಗಿಯುವವರೆಗೆ ಹಾಜಿಯವರು ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಕ್ಯಾಸೆಟ್ ಚಾಚಿದರು. "ಇದೊಂದು ಬಂದದ್ದು. ಇನ್ನು ಬರುವುದಿಲ್ಲ. ನನ್ನದೇ ತಪ್ಪು."

ಅದರ ಮೇಲೆ ಅವರ ಕೈಬರಹದಲ್ಲಿ ನನ್ನ ಹೆಸರಿತ್ತು. ವಕೀಲರು ಓದಿ, "ಇದು ಯಾರು?" ಎಂದರು.

ಹಾಜಿಯವರು ನನ್ನ ಕಡೆ ತಿರುಗಿದರು. "ಹೊರಗಿನವರು ಅಂತ ಬಂದದ್ದು ಇವರೊಬ್ಬರೇ."

ಬಸ್ಸಿನಲ್ಲಿ ನಾನು ಸಿಟ್ಟಿನಿಂದ, ಸೋತ ಯಂತ್ರದ ಆಟಕ್ಕೆ ನನ್ನ ಹೆಸರೇಕೆ ಹಾಕಿದಿರಿ ಎಂದೆ. "ಬೈಗುಳ ನನಗಿರಲಿ ಟೀಚರೇ, ಹೆಸರು ನಿಮಗಿರಲಿ" ಎಂದು ಕಿಟಕಿಯ ಕಡೆ ನೋಡಿದರು.

ಅವರು ತೀರಿಕೊಂಡು ಬಹಳ ಕಾಲವಾಯಿತು. ಆಮೇಲೆ ಪ್ರೋಗ್ರಾಂ ಬರೆಯುವುದೇ ನನ್ನ ಬದುಕಾಯಿತು. ನನ್ನ ಕೆಲಸ ಕೆಟ್ಟಾಗಲೆಲ್ಲ, ಪತ್ರ ಬರೆದು ಕೈತೊಳೆದುಕೊಳ್ಳದೆ, ಆ ಕೆಲಸ ಕೊಟ್ಟವರ ಬಾಗಿಲಿಗೇ ಹೋಗಿ ಹೇಳಿದ್ದೇನೆ. ಹೆದರಿಕೆ ಒಂದು ದಿನವೂ ಕಡಿಮೆಯಾಗಲಿಲ್ಲ. ಹೋಗುವುದನ್ನು ನಾನು ಬಿಡಲಿಲ್ಲ.