ಕುದುರೆ ಮಾವ ಕಟ್ಟಿದ ಹಗ್ಗ

ಕುಂದಾಪುರದಲ್ಲಿ ಬೈಂದೂರಿನ ಬಸ್ಸು ಹತ್ತಿ ಕೂತವಳು ಕಿಟಕಿಯಿಂದ ಕೈಚಾಚಿ ಒಂದು ಪೊಟ್ಟಣ ನೆಲಗಡಲೆ ಕೊಂಡೆ. ಹೆಮ್ಮಾಡಿ ದಾಟುವಷ್ಟರಲ್ಲಿ ಕಡಲೆ ಮುಗಿಯಿತು. ಬುಡದಲ್ಲಿ ಉಳಿಯುವ ಕರಕಲು ಕಾಳಿನ ಆಸೆಗೆ ಪೊಟ್ಟಣವನ್ನು ಪೂರ್ತಿ ಬಿಚ್ಚಿದರೆ ಒಳಗೆ ಕುದುರೆಗಳಿದ್ದವು. ಮುಂಬಯಿಯ ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯ ರೇಸಿನ ಪುಟ ಅದು. ಕುದುರೆಯ ಹೆಸರು, ವಯಸ್ಸು, ಬೆನ್ನ ಮೇಲೆ ಹೊರಬೇಕಾದ ತೂಕ, ಸವಾರನ ಹೆಸರು, ಎಲ್ಲ ಸಾಲಾಗಿ. ನಡುವೆ ಕಡಲೆಯ ಬಿಸಿಗೆ ಒಂದು ಕಂದು ಕಲೆ. ಮೂಗಿನ ಹತ್ತಿರ ಹಿಡಿದರೆ ಹುರಿದ ಮಳಲಿನ ವಾಸನೆ.

ಬೇರೆ ಯಾರಾದರೂ ಮುದ್ದೆ ಮಾಡಿ ಹೊರಗೆಸೆಯುತ್ತಿದ್ದರು. ನಾನು ತೊಡೆಯ ಮೇಲಿಟ್ಟು ಸುಕ್ಕು ಬಿಡಿಸಿದೆ. ಏಕೆಂದರೆ ಇಂಥ ಪುಟವನ್ನು ಪಂಚಾಂಗ ಓದುವ ಹಾಗೆ ಓದುವ ಒಬ್ಬ ಮನುಷ್ಯನನ್ನು ನೋಡಿಕೊಂಡೇ ನಾನು ಬೆಳೆದದ್ದು.

ಅವರು ನನ್ನ ಅಮ್ಮನ ತಮ್ಮ. ಕಿರಿಮಂಜೇಶ್ವರದ ಸುತ್ತ ಎಲ್ಲರ ಬಾಯಲ್ಲಿ ಕುದುರೆ ಮಾವ. ಹೆಸರು ಕೇಳಿ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ, ಅವರು ಜೀವಮಾನದಲ್ಲಿ ಕುದುರೆ ಹತ್ತಿದವರಲ್ಲ. ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಹೋಗಿ, ಅಲ್ಲಿಯ ರೇಸ್ ಕೋರ್ಸಿನ ಕ್ಯಾಂಟೀನಿನಲ್ಲಿ ಚಾ ಕೊಡುವ ಕೆಲಸಕ್ಕೆ ಸೇರಿ, ಕಾಲುನೋವು ಶುರುವಾದ ಮೇಲೆ ಒಂದು ಟ್ರಂಕು ಮತ್ತು ಒಂದು ಹಳೆಯ ದುರ್ಬೀನಿನೊಂದಿಗೆ ಊರಿಗೆ ಮರಳಿದವರು. ದುರ್ಬೀನಿನ ಒಂದು ಕಣ್ಣಿಗೆ ಬೂಷ್ಟು ಹಿಡಿದಿತ್ತು. ಅವರು ಇನ್ನೊಂದರಲ್ಲೇ ಗದ್ದೆಯ ಕೊಕ್ಕರೆಗಳನ್ನು ನೋಡುತ್ತಿದ್ದರು. ನೋಡಿ, ಯಾವುದು ಮೊದಲು ಹಾರುತ್ತದೆಂದು ಹೇಳುತ್ತಿದ್ದರು. ಹೇಳಿದ್ದು ಆಗಾಗ ಸರಿಯೂ ಆಗುತ್ತಿತ್ತು.

"ಮಾವ, ನೀವ್ ಅಲ್ಲಿ ಬೆಟ್ ಕಟ್ತಿದ್ರ್ಯಾ?" ಎಂದು ಒಮ್ಮೆ ಕೇಳಿದ್ದೆ.

"ಚಾ ಕೊಡೋನಿಗೆ ಎರಡ್ ಕೈಯೂ ತುಂಬಿರತ್ತ್ ಹೆಣೆ. ಕಟ್ಟೂದ್ ಯಾವ್ ಕೈಯಂಗೆ?"

ಇದು ಉತ್ತರವಲ್ಲ ಎಂಬುದು ಆಗಲೇ ನನಗೆ ಗೊತ್ತಿತ್ತು. ನಾನು ಆಗ ಡಿಗ್ರಿ ಎರಡನೇ ವರ್ಷ, ಚರ್ಚಾಸ್ಪರ್ಧೆಯ ಹುಚ್ಚು ತಲೆಗೇರಿದ ಕಾಲ. ಬ್ರಹ್ಮಾವರದಲ್ಲಿ ಒಂದು ವಿಷಯದ ಪರ ಮಾತಾಡಿ ಮೊದಲ ಬಹುಮಾನ ತಂದಿದ್ದೆ. ಮುಂದಿನ ತಿಂಗಳು ತೆಕ್ಕಟ್ಟೆಯಲ್ಲಿ ಅದೇ ವಿಷಯದ ವಿರುದ್ಧ ಮಾತಾಡಿ ಇನ್ನೊಂದು ಮೊದಲ ಬಹುಮಾನ. ಎರಡು ಕಪ್ಪುಗಳೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂತಿದ್ದವು. ಅವುಗಳ ನಡುವೆ ಜಗಳವೇನೂ ಇರಲಿಲ್ಲ. ಮನೆಯಲ್ಲಿ ಉಪ್ಪು ಕೇಳಿದರೂ ನಾನು "ಮೊದಲನೆಯದಾಗಿ" ಎಂದೇ ಶುರುಮಾಡುತ್ತಿದ್ದೆನಂತೆ. ಅಮ್ಮ ಈಗಲೂ ಆಡಿಕೊಳ್ಳುತ್ತಾರೆ.

ಮಾವನ ಹತ್ತಿರ ವಾದಕ್ಕೆ ಎಂದೂ ಕೊರತೆಯಿರಲಿಲ್ಲ. ರೇಸ್ ಕೋರ್ಸಿನ ದೊಡ್ಡ ಮನುಷ್ಯರಲ್ಲಿ ವರ್ಷಗಟ್ಟಲೆ ನಡೆದ ಜಗಳವೊಂದನ್ನು ಅವರು ಚಾ ಸುರಿಯುತ್ತ ಕೇಳಿಸಿಕೊಂಡಿದ್ದರು. ಜನ ಕಡಿಮೆಯಾಗುತ್ತಿದ್ದಾರೆ, ಏನು ಮಾಡೋಣ? ಒಂದು ಪಂಗಡ ಹೇಳುತ್ತಿತ್ತು: ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರುವವರನ್ನು ಕರೆಯೋಣ, ಹುಲ್ಲುಹಾಸು ಹಾಸೋಣ, ಬ್ಯಾಂಡು ಬಾರಿಸೋಣ. ಇನ್ನೊಂದು ಪಂಗಡ: ಐಸ್‌ಕ್ರೀಮ್ ತಿನ್ನಲು ಬಂದವನು ಇವತ್ತು ಇಲ್ಲಿ, ನಾಳೆ ಸಿನಿಮಾಕ್ಕೆ, ಮಳೆಯಲ್ಲೂ ಬಂದು ನಿಲ್ಲುವವನು ಬೆಟ್ ಕಟ್ಟುವವನೇ, ಅವನನ್ನು ನೋಡಿಕೊಳ್ಳೋಣ.

ನಾನು ತಕ್ಷಣ ಮೊದಲ ಪಂಗಡ ಸೇರಿದೆ. "ಜೂಜುಗಾರನಿಗೆ ಕುದುರೆ ಬೇಡ ಮಾವ. ನಾಳೆ ಎರಡು ಇರುವೆ ಬಿಟ್ಟರೂ ಕಟ್ಟುತ್ತಾನೆ. ಸುಮ್ಮನೆ ನೋಡಲು ಬಂದವನೇ ನಿಜವಾದ ಪ್ರೇಕ್ಷಕ."

"ಸುಮ್ನೆ ಬಂದವ ಕಾಂತಾ ಅಂತ ನಿಂಗೆ ಯಾರ್ ಹೇಳ್ರ್?" ಎಂದರು ಮಾವ. ನಮ್ಮ ಕಡೆ ಕಾಣುವುದೆಂದರೆ ನೋಡುವುದು. "ಖಾಲಿಪೀಲಿ ಮಾತಾಡ್ಬೇಡ."

ಇದೆಲ್ಲ ಊಟದ ನಂತರದ ಹರಟೆಯಾಗಿಯೇ ಉಳಿಯುತ್ತಿತ್ತೋ ಏನೋ. ಆದರೆ ಅಮ್ಮನ ಅಣ್ಣ, ಅಂದರೆ ಮನೆಯ ಯಜಮಾನರಾದ ದೊಡ್ಡ ಮಾವ, ಒಂದು ದಿನ ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದರು: "ಬಾಗಿಲ ಗದ್ದೆ ಸಿಗಡಿ ಕೆರೆಗೆ ಕೇಂಡಿದ್ರ್. ಕೊಡುವಾ ಅಂತ ಕಾಂತತ್ತ್."

ಬಾಗಿಲ ಗದ್ದೆ ಎಂದರೆ ನಮ್ಮ ಮನೆಯ ಕಂಬಳದ ಗದ್ದೆ. ದೊಡ್ಡದೇನಲ್ಲ. ಕಾರ್ತಿಕ ಕಳೆದ ಮೇಲೆ ಒಂದು ಮಧ್ಯಾಹ್ನ, ಆಚೀಚೆ ಊರಿನ ಕೋಣಗಳ ಜೋಡಿಗಳು ಬಂದು ಕೆಸರಲ್ಲಿ ಓಡಿ ಹೋಗುತ್ತಿದ್ದವು. ಅಷ್ಟೇ. ಹೊಳೆಯ ಉಪ್ಪುನೀರು ಗದ್ದೆಯ ಅಂಚಿನವರೆಗೆ ಬರುವ ಜಾಗ, ಸಿಗಡಿಗೆ ಹೇಳಿಮಾಡಿಸಿದ್ದು. ಒಮ್ಮೆ ಉಪ್ಪುನೀರು ನುಗ್ಗಿಸಿದರೆ ಭತ್ತವೂ ಇಲ್ಲ, ಕಂಬಳವೂ ಇಲ್ಲ. ದೊಡ್ಡ ಮಾವನ ಬೇಸರಕ್ಕೆ ಕಾರಣವಿತ್ತು. ನೋಡುವ ಜನ ವರ್ಷದಿಂದ ವರ್ಷಕ್ಕೆ ಕರಗಿ, ಕೊನೆಗೆ ಬರುತ್ತಿದ್ದವರು ಬೆಟ್ ಕಟ್ಟುವ ಹತ್ತಿಪ್ಪತ್ತು ಮಂದಿ ಮಾತ್ರ. ಅವರು ದೂರದ ಅಂಚಿನಲ್ಲಿ ಗುಂಪಾಗಿ ನಿಂತು, ಯಾರೊಡನೆಯೂ ಮಾತಾಡದೆ, ಓಟ ಮುಗಿದ ಕೂಡಲೇ ತಮ್ಮತಮ್ಮಲ್ಲೇ ಜಗಳಾಡಿ ಹೋಗುತ್ತಿದ್ದರು. "ನಾಲ್ಕ್ ಜನ ಕಾಂಬುಕ್ ಬಪ್ಪುದಿಲ್ಲೆ. ಯಾರಿಗ್ ಮಾಡೂದ್ ಇದನ್ನ?"

"ನನಗೆ ಒಂದು ವರ್ಷ ಕೊಡಿ," ಎಂದೆ. ಅದು ಚರ್ಚಾಸ್ಪರ್ಧೆಯ ವೇದಿಕೆಯ ದನಿ. ದೊಡ್ಡ ಮಾವ ಕೊಟ್ಟೇಬಿಟ್ಟರು.

ನಾನು ಜನ ಬರುವ ಹಾಗೆ ಮಾಡಿದೆ. ಮೈಕು, ಬಾಡಿಗೆ ಕುರ್ಚಿ, ರಸಮಂಜರಿ, ಚುರ್ಮುರಿ ಗಾಡಿ, ಮಕ್ಕಳಿಗೆ ಬೆಲೂನು. ಜನ ಬಂದರು ಸ್ವಾಮಿ! ಕುರ್ಚಿ ಸಾಲದೆ ಅಂಗಳದ ಬೆಂಚು ತಂದು ಹಾಕಿದೆವು. ಆದರೆ ಕರೆಂಟಿನ ವೈರು ರಸ್ತೆಯ ಬದಿಗೆ ಮಾತ್ರ ಮುಟ್ಟುತ್ತಿದ್ದುದರಿಂದ ಸ್ಟೇಜನ್ನು ಅಲ್ಲೇ ಕಟ್ಟಿಸಿದ್ದೆ. ಕುರ್ಚಿಗಳು ಸ್ಟೇಜಿನ ಕಡೆಗೆ ತಿರುಗಿದ್ದವು. ಎಂದರೆ, ನೀವು ಊಹಿಸಿದಿರಿ, ನನ್ನ ನಿಜವಾದ ಪ್ರೇಕ್ಷಕರೆಲ್ಲ ಕಂಬಳಕ್ಕೆ ಬೆನ್ನು ಹಾಕಿ ಕೂತಿದ್ದರು. ಹಿಂದೆ ಕೋಣಗಳು ಓಡುತ್ತಿದ್ದವು, ಮುಂದೆ ಒಬ್ಬ ಸಿನಿಮಾ ಹಾಡು ಹಾಡುತ್ತಿದ್ದ. ಕೆಸರು ಬೆನ್ನಿಗೆ ಹಾರಿದಾಗ ಕೆಲವರು ಸಿಟ್ಟಿನಿಂದ ತಿರುಗಿ ನೋಡಿದರು. ಆ ದಿನ ಕಂಬಳ ನೋಡಿದವರೆಂದರೆ ಅವರು.

ಕುದುರೆ ಮಾವ ನಗಲಿಲ್ಲ. ನಕ್ಕಿದ್ದರೆ ವಾದಿಸಬಹುದಿತ್ತು. "ಬಪ್ಪ ವರ್ಷ ನಾ ಒಂದ್ ಕೈ ಕಾಂತೆ," ಎಂದರು. ದೊಡ್ಡ ಮಾವ, "ಅದೇ ಕಡೇದ್," ಎಂದರು.

ಮರುವರ್ಷ ಕುದುರೆ ಮಾವನ ಮೊದಲ ಯೋಜನೆ ನನ್ನದಕ್ಕಿಂತ ಕೆಟ್ಟದಾಗಿತ್ತು, ಹೇಳಿಬಿಡುತ್ತೇನೆ. ರೇಸಿನಲ್ಲಿ ಜೋರಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರಲ್ಲ, ಎಲ್ಲವೂ ಸಮನಾಗಲಿ ಎಂದು? ಅದನ್ನೇ ಇಲ್ಲಿಗೂ ತರುವುದೆಂದು ಅವರು ಯಡ್ತರೆಯ ಕೋಣದ ಯಜಮಾನ ನರಸಿಂಹಣ್ಣನ ಮನೆಗೆ ಹೋದರು. ಅವರ ಜೋಡಿ ನಮ್ಮ ಗದ್ದೆಯಲ್ಲಿ ಸೋತದ್ದಿಲ್ಲ. ಜತೆಗೆ ನಾನೂ ಇದ್ದೆ.

"ನಿಮ್ಮ್ ಜೋಡಿಯ ನೊಗಕ್ಕೆ ನಾಕ್ ಸೇರ್ ಮಳಲ್ ಕಟ್ಟಿ ಓಡ್ಸುವಾ. ಆಗ ಮಜಾ ಬತ್ತ್."

ನರಸಿಂಹಣ್ಣ ಕೋಣಕ್ಕೆ ಎಣ್ಣೆ ತಿಕ್ಕುತ್ತಿದ್ದವರು ಕೈ ನಿಲ್ಲಿಸಿದರು. "ಹ್ವಾಯ್, ನಾನ್ ವರ್ಷವಿಡೀ ಹುರುಳಿ ಬೇಯ್ಸಿ ಹಾಕೂದ್ ನಿಮ್ಮ ಮಳಲ್ ಹೊರ್ಸುಕಾ? ನಿಮಗೆ ಅಷ್ಟ್ ಮಜಾ ಬೇಕಿದ್ರೆ ನೀವೇ ಹೊತ್ಕಂಡ್ ಓಡಿ."

 ವಾಪಸು ಬರುವಾಗ ಮನೆಯ ಬೇಲಿಯ ದಣಪೆ ದಾಟುತ್ತ ಮಾವ ನಿಂತು ಹೇಳಿದರು: "ಒಂದ್ ಜಾಗ ಇತ್ತ್ ಹೆಣೆ ಅಲ್ಲಿ. ರೇಸಿಗ್ ಮುಂಚೆ ಕುದ್ರಿ ಎಲ್ಲ ಸುತ್ತ್ ಹಾಕ್ಸ್ತ್ರ್, ನಿಧಾನ. ಸುತ್ತ ಒಂದ್ ಕಟಕಟೆ. ಬೆಟ್ ಕಟ್ಟೋರೂ ಅಲ್ಲೇ, ಹೆಂಡ್ತಿ ಮಕ್ಕಳ್ ಕರ್ಕಂಡ್ ಬಂದೋರೂ ಅಲ್ಲೇ. ನನ್ನ ಚಾ ಅಲ್ಲೇ ಜಾಸ್ತಿ ಖಾಲಿ ಆಪ್ದ್. ಸಮ್ಜಾ?"

ಆಗ ನನಗೆ ಅರ್ಥವಾಗಲಿಲ್ಲ. ಅರ್ಥವಾದಂತೆ ತಲೆಯಾಡಿಸಿದೆ, ಅದೂ ಅಭ್ಯಾಸ.

ಆ ವರ್ಷ ಮೈಕಿಲ್ಲ, ಸ್ಟೇಜಿಲ್ಲ. ಚುರ್ಮುರಿ ಗಾಡಿ ಮಾತ್ರ ಕರೆಯದೆಯೇ ಬಂತು. ಮಾವ ನಮ್ಮ ಅಂಗಳದ ನಡುವೆ ನಾಲ್ಕು ಗೂಟ ಹುಗಿದು ದೋಣಿಯ ನೀಲಿ ನೈಲಾನ್ ಹಗ್ಗ ಕಟ್ಟಿದರು. ಹಗ್ಗ ತಂದುಕೊಟ್ಟವರು ಮನೆಮನೆಗೆ ಮೀನು ಮಾರುವ ಜಲಜಕ್ಕ, ಅವರ ಗಂಡನ ದೋಣಿಯದು. ಹಗ್ಗ ಎಲ್ಲಿ ಹಾಳುಮಾಡುತ್ತಾರೋ ಎಂದು ಬುಟ್ಟಿ ಇಳಿಸಿ ಅಲ್ಲೇ ನಿಂತರು. ಓಟಕ್ಕೆ ಮೊದಲು ಪ್ರತಿ ಜೋಡಿಯನ್ನೂ ಹಗ್ಗದೊಳಗೆ ಮೂರು ಸುತ್ತು ನಡೆಸಬೇಕು. ಮಾವನ ಕಟ್ಟಳೆ ಅದೊಂದೇ.

ಬೆಟ್ ಕಟ್ಟುವವರು ದೂರದ ಅಂಚು ಬಿಟ್ಟು ಬಂದರು. ಬರದಿದ್ದರೆ ಕೋಣವನ್ನು ಹತ್ತಿರದಿಂದ ನೋಡುವ ಹಾಗಿಲ್ಲವಲ್ಲ! ಅವರಲ್ಲಿ ಮುಖ್ಯ ಶೀನಣ್ಣ. ಬಾಯಿ ಬಿಟ್ಟರೆ ಎಲ್ಲಿ ಗುಟ್ಟು ಬಿದ್ದುಹೋಗುತ್ತದೋ ಎಂಬಂತೆ ಓಡಾಡುವ ಮನುಷ್ಯ. ಹಗ್ಗದ ಬಳಿ ಅವರ ಪಕ್ಕದಲ್ಲಿ ನನ್ನ ಚಿಕ್ಕಮ್ಮನ ಆರು ವರ್ಷದ ಮಗಳು ನಿಂತಿದ್ದಳು. "ಯಾವ್ದ್ ಗೆಲ್ಲತ್ತ್ ಮಾಮ?" ಎಂದು ಅವಳು ಕೇಳಿದ್ದು ಬರೀ ಬೇಜಾರು ಕಳೆಯಲು. ಶೀನಣ್ಣ ಆಚೀಚೆ ನೋಡಿ, ಬಗ್ಗಿ, ಪಿಸುಗುಟ್ಟಿದರು: "ಹಿಂದಿನ್ ಕಾಲ್ ಕಾಣ್. ಮುಂದಿನ್ ಕಾಲಿನ ಹೆಜ್ಜಿ ದಾಟಿ ಬೀಳ್ತಾ? ಬಿದ್ರೆ ಅದ್ ಓಡೋ ಕೋಣ." ಹುಡುಗಿ ಕೂತು ಅಂಗಳದ ಒದ್ದೆ ಮಣ್ಣಿನಲ್ಲಿ ಹೆಜ್ಜೆ ನೋಡತೊಡಗಿದಳು. ಅವಳನ್ನು ಎತ್ತಿಕೊಳ್ಳಲು ಬಂದ ಚಿಕ್ಕಮ್ಮನೂ ನೋಡಿದರು. ಆಮೇಲೆ ಚಿಕ್ಕಮ್ಮನ ಹಿಂದೆ ನಿಂತವರು.

ಆಗ ನರಸಿಂಹಣ್ಣನ ಜೋಡಿ ಒಳಗೆ ಬಂತು. ಶೀನಣ್ಣನ ಗುಂಪು ಎದೆಯುಬ್ಬಿಸಿ ನಿಂತಿತು. ತೊಡೆ ಕಂಡರು, ಬೆನ್ನು ಕಂಡರು, ಬಾಲ ಎತ್ತಿದ ರೀತಿ ಕಂಡರು. "ಇವತ್ತೂ ಇದೇ," ಎಂದರು.

"ಬಂಗುಡೆ ಮೀನ್ ಕೊಂಬೋರ್ ಕಿವಿರ್ ಬಿಡ್ಸಿ ಕಾಂತ್ರ್," ಎಂದರು ಹಿಂದಿನಿಂದ ಜಲಜಕ್ಕ. "ನೀವ್ ಬಾಲ ಹಿಡ್ಕಂಡ್ ಕೂತಿದ್ರಿ. ಎಡಗೋಣದ್ ಮೂಗ್ ಕಾಣಿ, ಒಣ್ಗಿ ಹೋಯ್ತ್. ಕಣ್ಣೂ ಸೋತಿತ್ತ್. ಅದಕ್ಕೆ ಮೈ ಸಮ ಇಲ್ಲೆ."

"ನಿಂಗೆಂತ ಗೊತ್ತ್ ಕೋಣದ್ ಸುದ್ದಿ? ಮೀನ್ ಮಾರು, ಹೋಗ್," ಎಂದ ಗುಂಪಿನಲ್ಲೊಬ್ಬ.

"ಹೋತೆ. ಸತ್ತ್ ಮೀನಿನ್ ಕಣ್ಣ್ ಕಂಡ್ ಯಾವತ್ತ್ ಹಿಡದ್ದ್ ಅಂತ ಹೇಳ್ತೆ ನಾನ್. ಇದ್ ಬದ್ಕಿಪ್ಪುದ್, ಕಾಂಬುದಿಲ್ಯಾ ನಂಗೆ?"

ನರಸಿಂಹಣ್ಣ ಸಿಟ್ಟಿನಿಂದಲೇ ಬಂದರು. ಆದರೆ ಬಂದವರು ಎಡಗೋಣದ ಕಿವಿಯ ಬುಡಕ್ಕೆ ಕೈಯಿಟ್ಟರು. ಇಟ್ಟ ಕೈ ಅಲ್ಲೇ ಉಳಿಯಿತು. ಇನ್ನೊಂದು ಕೈಯಿಂದ ಮೂಗು ಮುಟ್ಟಿದರು.  "ಸುಡ್ತತ್ತ್," ಎಂದರು ಮೆಲ್ಲಗೆ. "ಬೆಳಿಗ್ಗಿ ಹುರುಳಿ ತಿನ್ದೆ ಬಿಟ್ಟಿತ್ತ್. ಗಲಾಟಿಯಲ್ಲಿ ನಂಗ್ ಹೊಳಿಲೇ ಇಲ್ಲೆ." ಅವರು ನೊಗ ಬಿಚ್ಚಿದರು. ಸೋಲರಿಯದ ಜೋಡಿ ಓಡದೆ ತೆಂಗಿನ ಮರದ ನೆರಳಿಗೆ ಹೋಯಿತು. ಜಲಜಕ್ಕ ಹೇಳದಿದ್ದರೆ ಜ್ವರದ ಕೋಣ ಆ ಕೆಸರಿನಲ್ಲಿ ಓಡುತ್ತಿತ್ತು. ಆಮೇಲೆ ಏಳುತ್ತಿತ್ತೋ ಇಲ್ಲವೋ.

ಶೀನಣ್ಣನ ಗುಂಪು ಗೊಣಗಿತು. ಒಬ್ಬಿಬ್ಬರು ಹೊರಟೂ ಹೋದರು. ಶೀನಣ್ಣ ಹೋಗಲಿಲ್ಲ. ಮುಂದಿನ ಜೋಡಿ ಹಗ್ಗದೊಳಗೆ ಬಂದಾಗ ಅವರು ತಲೆ ತಿರುಗಿಸದೆ, ಕೇಳಿಯೂ ಕೇಳದ ಹಾಗೆ ಕೇಳಿದರು: "ಜಲಜಕ್ಕ, ಇದ್ ಹ್ಯಾಂಗಿತ್ತ್?"

ಅಲ್ಲಿಗೆ ನನ್ನ ಎರಡೂ ಪಂಗಡಗಳು ಉರುಳಿದವು. ಹಗ್ಗ ಕಾಯಲು ನಿಂತ ಜಲಜಕ್ಕ ಯಾವ ಪಂಗಡ? ಹೆಜ್ಜೆ ನೋಡುವ ಆರು ವರ್ಷದ ಹುಡುಗಿ? ನೋಡಲು ಬಂದವರನ್ನು ಕರೆಯಬೇಕೋ, ಕಟ್ಟಲು ಬಂದವರನ್ನೋ ಎಂದು ವಾದಿಸಿದ ನನಗೆ, ಇಬ್ಬರೂ ಅರೆಗಳಿಗೆ ಒಂದೇ ಕಡೆ ನಿಂತು ನೋಡುವ ಜಾಗ ಬೇಕು ಎಂಬುದು ಹೊಳೆದಿರಲಿಲ್ಲ. ಬೆಟ್ಟಿಂಗ್ ಆ ದಿನ ನಿಂತಿತು ಎಂದು ನಾನು ಹೇಳುತ್ತಿಲ್ಲ. ನಿಲ್ಲಲಿಲ್ಲ, ಅದರ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ. ಆದರೆ ಓಟ ಶುರುವಾದಾಗ ಅಂಗಳದ ಜನವೆಲ್ಲ ಗದ್ದೆಯ ಅಂಚಿಗೆ ಓಡಿದರು. ಪ್ರತಿಯೊಬ್ಬರಿಗೂ ತಾವು ಕಂಡು ಆರಿಸಿದ ಒಂದೊಂದು ಕೋಣವಿತ್ತು. ಯಾರೂ ಬೆನ್ನು ಹಾಕಿ ನಿಲ್ಲಲಿಲ್ಲ.

ಸಂಜೆ ಎಲ್ಲ ಮುಗಿದು, ಜಲಜಕ್ಕ ತಮ್ಮ ಹಗ್ಗ ಸುತ್ತಿಕೊಂಡು ಹೋದ ಮೇಲೆ, ನಾವಿಬ್ಬರೂ ದೊಡ್ಡ ಮಾವನ ಮುಖ ನೋಡುತ್ತ ಜಗಲಿಯಲ್ಲಿ ಕೂತೆವು. ಅವರು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿದರು. ಕುದುರೆ ಮಾವ ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

"ಹಗ್ಗ ಸಾಲುದಿಲ್ಲೆ," ಎಂದರು ದೊಡ್ಡ ಮಾವ ಕೊನೆಗೆ. "ಜನ ಒರಗ್ರೆ ಜಗ್ಗತ್ತ್. ಬಪ್ಪ ವರ್ಷ ಬಿದಿರ್ ಕಟ್ಟುವಾ."

ಸಿಗಡಿಯ ಮಾತು ಮತ್ತೆ ನಮ್ಮ ಮನೆಯಲ್ಲಿ ಊಟದ ಎಲೆಯ ಮೇಲೆ ಮಾತ್ರ ಬಂತು.

ಬಸ್ಸು ಮರವಂತೆ ದಾಟಿತು. ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಇವತ್ತು ಬಾಗಿಲ ಗದ್ದೆಯ ಕಂಬಳ, ನಾನು ಅಲ್ಲಿಗೇ ಹೊರಟವಳು. ಕುದುರೆ ಮಾವನ ಎರಡೂ ಕಣ್ಣಿಗೆ ಈಗ ಅವರ ದುರ್ಬೀನಿನ ಆ ಒಂದು ಕಣ್ಣಿನ ಹಾಗೆ ಮಂಜು. ಆದರೂ ಕಟಕಟೆಯ ಪಕ್ಕದ ಕುರ್ಚಿ ಅವರದೇ. ಈ ಪುಟವನ್ನು ಓದಿ ಹೇಳಿದರೆ ಯಾವ ಕುದುರೆ ಗೆದ್ದಿರಬೇಕೆಂದು ಅವರು ಖಂಡಿತ ಹೇಳುತ್ತಾರೆ. ಮಡಚಿ ಚೀಲಕ್ಕಿಟ್ಟೆ.

ಪಕ್ಕದಲ್ಲಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ ಒಬ್ಬರು ಹೆಂಗಸು ಕೂತಿದ್ದರು. "ಕಂಬಳಕ್ಕಾ?" ಎಂದರು. ಹೌದೆಂದೆ. "ಕೋಣ ಓಡೂದ್ರಲ್ಲಿ ಕಾಂಬುಕ್ ಎಂತ ಇತ್ತ್? ಯಾವ್ ಜೋಡಿ ಗೆಲ್ಲತ್ತ್ ಈ ಸಲ?"

ಮೊದಲಾಗಿದ್ದರೆ ಮೂರು ಅಂಶ ಹೇಳಿ, ಅವರು ಬಾಯಿ ತೆರೆಯುವ ಮೊದಲೇ ಖಂಡಿಸಿಯೂ ಮುಗಿಸುತ್ತಿದ್ದೆ.

"ನಂಗ್ ಗೊತ್ತಿಲ್ಲೆ," ಎಂದೆ. ಚರ್ಚಾಸ್ಪರ್ಧೆಯಲ್ಲಿ ಈ ಮಾತಿಗೆ ಅಂಕವಿಲ್ಲ. "ಹಿಂದಿನ್ ಕಾಲ್ ಕಾಣಿ ಅಂತ್ರ್. ಮೂಗೂ ಕಾಣಿ ಅಂತ್ರ್. ನೀವೇ ಕಂಡ್ ಹೇಳಿ."

ಅವರು ನನ್ನನ್ನೊಮ್ಮೆ ನೋಡಿದರು, ಕಿಟಕಿಯಾಚೆ ನೋಡಿದರು. ಕಿರಿಮಂಜೇಶ್ವರದಲ್ಲಿ ನಾನು ಇಳಿದು ತಿರುಗಿದರೆ, ಬೈಂದೂರಿನ ಟಿಕೇಟು ಕೈಯಲ್ಲೇ ಹಿಡಿದುಕೊಂಡು ಅವರೂ ಮಗನೊಂದಿಗೆ ಇಳಿಯುತ್ತಿದ್ದರು.